ಕರುಳಿನ ಗೋಡೆಯ ಎರಡು ಬದಿ: ಪ್ರೋಬಯಾಟಿಕ್‌ಗಳು ರೋಗನಿರೋಧಕ ಕೋಶಗಳ ಮೇಲೆ ಹೇಗೆ ಪ್ರಭಾವ ಬೀರುತ್ತವೆ?

ಒಡಿಶಾದ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಿನಾಕಿ ಪಾಣಿಗ್ರಾಹಿ ಅವರ ನೇತೃತ್ವದ ತಂಡ 4,556 ಶಿಶುಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಏಳು ದಿನಗಳ ಕಾಲ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯದ ಒಂದು ತಳಿಯನ್ನೂ, ಆ ಬ್ಯಾಕ್ಟೀರಿಯಕ್ಕೆ ಆಹಾರವಾಗುವ ಫ್ರಕ್ಟೊಆಲಿಗೊಸ್ಯಾಕರೈಡ್ ಎಂಬ ಸಕ್ಕರೆಯನ್ನೂ ಕೊಟ್ಟಿತು. ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಇರುವ, ಆದರೆ ಬ್ಯಾಕ್ಟೀರಿಯವಿಲ್ಲದ ಪುಡಿಯನ್ನು ಕೊಟ್ಟಿತು. ಎಲ್ಲವೂ ಎರಡು ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕದ, ಹುಟ್ಟುವಾಗ ಕಾಯಿಲೆಯ ಲಕ್ಷಣವಿಲ್ಲದ ಮಕ್ಕಳು. ಅರವತ್ತು ದಿನ ಗಮನಿಸಿದಾಗ, ಬ್ಯಾಕ್ಟೀರಿಯ ಪಡೆಯದ ಗುಂಪಿನಲ್ಲಿ ನೂರಕ್ಕೆ 9 ಮಕ್ಕಳು ನಂಜಿಗೆ (ಸೋಂಕಿನಿಂದ ಇಡೀ ದೇಹ ಕೆರಳುವ ಸೆಪ್ಸಿಸ್‌ಗೆ) ಅಥವಾ ಸಾವಿಗೆ ತುತ್ತಾಗಿದ್ದರೆ, ಪಡೆದ ಗುಂಪಿನಲ್ಲಿ ಆ ಪ್ರಮಾಣ 5.4 ಆಗಿತ್ತು. ಅಂದರೆ ಅಪಾಯ ಶೇ. 40ರಷ್ಟು ಇಳಿದಿತ್ತು. ಈ ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಪ್ರಯೋಗವನ್ನು ಉದ್ದೇಶಿಸಿದ್ದಕ್ಕಿಂತ ಮೊದಲೇ ನಿಲ್ಲಿಸಲಾಯಿತು.

ಈ ಫಲಿತಾಂಶದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೊಂದು ಅಂಶ. ಬ್ಯಾಕ್ಟೀರಿಯ ಪಡೆದ ಮಕ್ಕಳಲ್ಲಿ ಶ್ವಾಸಕೋಶದ ಸೋಂಕುಗಳೂ ಕಡಿಮೆಯಾಗಿದ್ದವು. ಬಾಯಿಯ ಮೂಲಕ ಒಳಹೋಗಿ ಕರುಳಿನಲ್ಲಿ ನೆಲೆಸುವ ಒಂದು ಬ್ಯಾಕ್ಟೀರಿಯ ಎದೆಗೂಡಿನೊಳಗಿನ ಸೋಂಕನ್ನು ತಡೆಯಲು ನೆರವಾಗುವುದಾದರೂ ಹೇಗೆ? ಅದು ಕರುಳಿನಲ್ಲಿ ಕೆಟ್ಟ ಬ್ಯಾಕ್ಟೀರಿಯಗಳ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ ಎಂಬ ಸರಳ ವಿವರಣೆ ಭೇದಿಯ ಮಟ್ಟಿಗೆ ಸಾಕಾಗಬಹುದು, ನ್ಯುಮೋನಿಯಾಕ್ಕೆ ಸಾಲದು. ಕರುಳಿನಿಂದ ದೇಹದ ಇತರ ಭಾಗಗಳಿಗೆ ಏನೋ ಒಂದು ಸಂದೇಶ ಹೋಗುತ್ತಿರಬೇಕು, ಮತ್ತು ಅದನ್ನು ಹೊತ್ತೊಯ್ಯಬಲ್ಲ ವ್ಯವಸ್ಥೆಗಳಲ್ಲಿ ಮುಖ್ಯವಾದದ್ದು ರಕ್ತದಲ್ಲಿ ಮತ್ತು ದುಗ್ಧನಾಳಗಳಲ್ಲಿ (ಲಿಂಫ್ ಎಂಬ ದ್ರವ ಹರಿಯುವ ನಾಳಗಳಲ್ಲಿ) ಸಂಚರಿಸುವ ರೋಗನಿರೋಧಕ ಕೋಶಗಳದ್ದು.

ಇಲ್ಲಿ ಮೊದಲು ಒಂದು ಮಾತನ್ನು ಸರಿಪಡಿಸಿಕೊಳ್ಳಬೇಕು. ಆರೋಗ್ಯಕ್ಕಾಗಿ ಹೀಗೆ ಕೊಡುವ ಜೀವಂತ ಬ್ಯಾಕ್ಟೀರಿಯಗಳು, ಅಂದರೆ ಪ್ರೋಬಯಾಟಿಕ್‌ಗಳು, 'ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತವೆ' ಎಂದು ಜಾಹೀರಾತುಗಳು ಹೇಳುತ್ತವೆ. ರೋಗನಿರೋಧಕ ವ್ಯವಸ್ಥೆ ನೀರಿನ ತೊಟ್ಟಿಯಲ್ಲ, ಮಟ್ಟ ಏರಿದಷ್ಟೂ ಒಳ್ಳೆಯದೆನ್ನಲು. ಅತಿಯಾಗಿ ಕೆರಳಿದ ರೋಗನಿರೋಧಕ ಕೋಶಗಳೇ ಅಸ್ತಮಾ, ಅಲರ್ಜಿ, ಸಂಧಿವಾತ ಮತ್ತು ಕರುಳಿನ ಉರಿಯೂತದ ಕಾಯಿಲೆಗಳ ಹಿಂದಿರುವುದು. ನಂಜಿನಲ್ಲಿ ರೋಗಿಯ ಪ್ರಾಣಕ್ಕೆ ಕುತ್ತಾಗುವುದು ಬ್ಯಾಕ್ಟೀರಿಯ ಮಾತ್ರವಲ್ಲ, ಅದರ ವಿರುದ್ಧ ಹತೋಟಿ ತಪ್ಪಿ ಹರಡುವ ದೇಹದ ಪ್ರತಿಕ್ರಿಯೆಯೂ ಹೌದು. ಆದ್ದರಿಂದ ಪ್ರೋಬಯಾಟಿಕ್‌ಗಳ ಪ್ರಭಾವವನ್ನು ಏರಿಸುವುದು, ಇಳಿಸುವುದು ಎಂಬ ಮಾತುಗಳಲ್ಲಿ ಹಿಡಿಯಲಾಗದು. ಯಾವಾಗ ಎಚ್ಚರವಾಗಬೇಕು, ಯಾವಾಗ ಸುಮ್ಮನಿರಬೇಕು ಎಂಬ ತೀರ್ಮಾನವನ್ನು ಕೋಶಗಳು ಹೇಗೆ ಕೈಗೊಳ್ಳುತ್ತವೆ ಎಂಬುದನ್ನು ನೋಡಿದರೆ ಮಾತ್ರ ಅದು ಅರ್ಥವಾಗುತ್ತದೆ.

ಪ್ರೋಬಯಾಟಿಕ್ ಎಂದು ಯಾವುದನ್ನು ಕರೆಯಬಹುದು ಎಂಬುದಕ್ಕೆ ಒಂದು ವ್ಯಾಖ್ಯೆಯಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳು 2001ರಲ್ಲಿ ಕರೆದಿದ್ದ ತಜ್ಞರ ಸಭೆ ರೂಪಿಸಿದ ಆ ವ್ಯಾಖ್ಯೆಯ ಸಾರ ಇಷ್ಟು: ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಪ್ರಯೋಜನ ತರುವ ಜೀವಂತ ಸೂಕ್ಷ್ಮಜೀವಿ. ಜೀವಂತವಾಗಿರಬೇಕು, ಪ್ರಮಾಣ ಸಾಕಷ್ಟಿರಬೇಕು, ಪ್ರಯೋಜನ ರುಜುವಾತಾಗಿರಬೇಕು. ಈ ಮೂರನೆಯ ಷರತ್ತಿನಿಂದಾಗಿ 'ತಳಿ' ಎಂಬ ಪದಕ್ಕೆ ಮಹತ್ವ ಬಂದಿದೆ. ಭತ್ತದಲ್ಲಿ ಎಷ್ಟೋ ತಳಿಗಳಿದ್ದು ಒಂದೊಂದರ ಗುಣ ಒಂದೊಂದು ಬಗೆಯಿರುವಂತೆ, ಒಂದೇ ಪ್ರಭೇದದ ಬ್ಯಾಕ್ಟೀರಿಯದಲ್ಲಿಯೂ ತಳಿಯಿಂದ ತಳಿಗೆ ಮೈಮೇಲಿನ ಅಣುಗಳು ಬೇರೆಯಾಗುತ್ತವೆ. ರೋಗನಿರೋಧಕ ಕೋಶಗಳು ಗುರುತು ಹಿಡಿಯುವುದು ಆ ಅಣುಗಳನ್ನೇ.

ಇನ್ನು ಗೋಡೆಯ ವಿಷಯಕ್ಕೆ ಬರೋಣ. ಎಪ್ಪತ್ತು ಕಿಲೋ ತೂಕದ ಒಬ್ಬ ವ್ಯಕ್ತಿಯ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ ಎಂದು 2016ರ ಒಂದು ಲೆಕ್ಕಾಚಾರ ಹೇಳುತ್ತದೆ. ದೇಹದ ಸ್ವಂತ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಈ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿರುತ್ತವೆ. ಅವುಗಳನ್ನೂ ನಮ್ಮ ರಕ್ತವನ್ನೂ ಬೇರ್ಪಡಿಸುವ ಹೊದಿಕೆಯ ದಪ್ಪ ಕೇವಲ ಒಂದೇ ಒಂದು ಜೀವಕೋಶ. ಮೂರರಿಂದ ಐದು ದಿನಗಳಿಗೊಮ್ಮೆ ಈ ಹೊದಿಕೆಯ ಕೋಶಗಳು ಉದುರಿ ಹೊಸವು ಹುಟ್ಟುತ್ತವೆ. ಕೋಶಗಳ ಮೇಲೆ ಲೋಳೆಯ ಪದರವಿದೆ. ದೊಡ್ಡ ಕರುಳಿನಲ್ಲಿ ಅದು ಎರಡು ಪದರಗಳಾಗಿದ್ದು, ಒಳಪದರದೊಳಕ್ಕೆ ಬ್ಯಾಕ್ಟೀರಿಯಗಳು ಸಾಮಾನ್ಯವಾಗಿ ನುಸುಳಲಾರವು. ಗೋಡೆಯ ಈಚೆಗೆ ರೋಗನಿರೋಧಕ ಕೋಶಗಳ ದೊಡ್ಡ ಸಂದಣಿಯಿದೆ. ಆಚೆಗೆ ಲೆಕ್ಕವಿಲ್ಲದಷ್ಟು ಪರಕೀಯ ಜೀವಿಗಳು, ಈಚೆಗೆ ಪರಕೀಯರನ್ನು ಕಂಡರೆ ಮೇಲೆ ಬೀಳಲು ಸಜ್ಜಾದ ಪಡೆ. ಇಷ್ಟು ಹತ್ತಿರವಿದ್ದೂ ದಿನನಿತ್ಯ ಅಲ್ಲಿ ಯುದ್ಧ ನಡೆಯುವುದಿಲ್ಲವೆಂಬುದೇ ಒಂದು ವಿಸ್ಮಯ, ಮತ್ತು ಆ ಶಾಂತಿ ತಾನಾಗಿ ಉಂಟಾದದ್ದಲ್ಲ. ಯಾವ ಸೂಕ್ಷ್ಮಜೀವಿಯೂ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಕರುಳಿನಲ್ಲಿ ರೋಗನಿರೋಧಕ ಅಂಗಾಂಶಗಳು ಪೂರ್ತಿ ಬೆಳೆಯುವುದೇ ಇಲ್ಲ. ಬ್ಯಾಕ್ಟೀರಿಯಗಳನ್ನು ಒಳಬಿಟ್ಟ ಮೇಲೆ ಅವು ಬೆಳೆಯತೊಡಗುತ್ತವೆ. ಬ್ಯಾಕ್ಟೀರಿಯಗಳ ಒಡನಾಟವಿಲ್ಲದೆ ಈ ವ್ಯವಸ್ಥೆಗೆ ತನ್ನ ಕೆಲಸ ಕಲಿಯಲಾಗದು ಎಂಬುದು ಇದರಿಂದ ತಿಳಿಯುತ್ತದೆ.

ಒಂದು ಪ್ರೋಬಯಾಟಿಕ್ ಬ್ಯಾಕ್ಟೀರಿಯ ಹೊಟ್ಟೆಯ ಆಮ್ಲವನ್ನೂ ಪಿತ್ತರಸವನ್ನೂ ದಾಟಿ ಕರುಳಿಗೆ ತಲುಪಿತೆಂದುಕೊಳ್ಳೋಣ. ಹೊದಿಕೆಯ ಕೋಶಗಳಲ್ಲಿ ಮತ್ತು ಅವುಗಳ ಹಿಂದಿರುವ ರೋಗನಿರೋಧಕ ಕೋಶಗಳಲ್ಲಿ ಟೋಲ್‌ ಮಾದರಿಯ ಗ್ರಾಹಿಗಳೆಂಬ ಪ್ರೋಟೀನ್‌ಗಳಿವೆ. ಪ್ರತಿಯೊಂದು ಗ್ರಾಹಿಯೂ ಸೂಕ್ಷ್ಮಜೀವಿಗಳಲ್ಲಿ ಮಾತ್ರ ಕಾಣಸಿಗುವ ಒಂದು ಬಗೆಯ ರಚನೆಯನ್ನು ತಡವಿ ಗುರುತಿಸುತ್ತದೆ: ಎರಡನೆಯ ಸಂಖ್ಯೆಯದು ಲ್ಯಾಕ್ಟೊಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಗಳ ಕೋಶಭಿತ್ತಿಯ ಅಣುಗಳನ್ನು, ಐದನೆಯದು ಈಜುವ ಬ್ಯಾಕ್ಟೀರಿಯಗಳ ಬಾಲದ ಪ್ರೋಟೀನನ್ನು, ಒಂಬತ್ತನೆಯದು ಬ್ಯಾಕ್ಟೀರಿಯದ ಡಿಎನ್‌ಎಯ ಒಂದು ವಿಶಿಷ್ಟ ಗುರುತನ್ನು. ಆದರೆ ಗುರುತಿಸಿದ ಮಾತ್ರಕ್ಕೆ ದಾಳಿ ನಡೆಯುವುದಿಲ್ಲ. ಯಾವ ಗ್ರಾಹಿ, ಯಾವ ಕೋಶದ ಯಾವ ಬದಿಯಲ್ಲಿ, ಬೇರೆ ಯಾವ ಸಂಕೇತಗಳ ಜೊತೆಗೆ ಉದ್ದೀಪನಗೊಂಡಿತು ಎಂಬುದರ ಮೇಲೆ ಮುಂದಿನ ಹೆಜ್ಜೆ ನಿರ್ಧಾರವಾಗುತ್ತದೆ. ಅಂಗಾಂಶಕ್ಕೆ ಗಾಯವಾಗಿದ್ದು ಬ್ಯಾಕ್ಟೀರಿಯವೂ ಒಳನುಗ್ಗಿದ್ದರೆ ಅದು ಅಪಾಯ. ಗೋಡೆ ಭದ್ರವಾಗಿದ್ದು ಆಚೆಯಿಂದ ಪರಿಚಿತ ಸಂಕೇತ ಮಾತ್ರ ಬಂದಿದ್ದರೆ ಅದು ನೆರೆಹೊರೆಯ ಸದ್ದು.

ಈ ವ್ಯತ್ಯಾಸವನ್ನು ಅಳೆದು ಹೇಳುವ ಕೆಲಸ ಡೆಂಡ್ರೈಟಿಕ್ ಕೋಶಗಳದ್ದು. ಮರದ ರೆಂಬೆಗಳಂತೆ ಕವಲೊಡೆದ ಈ ಕೋಶಗಳನ್ನು 1973ರಲ್ಲಿ ಗುರುತಿಸಿದ ರಾಲ್ಫ್ ಸ್ಟೈನ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಬಹುಮಾನ ಬಂತು. ಅದು ಘೋಷಣೆಯಾಗುವ ಮೂರು ದಿನ ಮೊದಲೇ ಅವರು ತೀರಿಕೊಂಡಿದ್ದರು. ಟೋಲ್ ಗ್ರಾಹಿಗಳ ಕೆಲಸವನ್ನು ತೋರಿಸಿಕೊಟ್ಟ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಆ ವರ್ಷ ಬಹುಮಾನವನ್ನು ಅವರೊಂದಿಗೆ ಹಂಚಿಕೊಂಡರು. ಡೆಂಡ್ರೈಟಿಕ್ ಕೋಶಗಳು ಕರುಳಿನ ಗೋಡೆಯ ಹತ್ತಿರ ಸಿಕ್ಕ ಬ್ಯಾಕ್ಟೀರಿಯದ ತುಣುಕುಗಳನ್ನು ಸಂಗ್ರಹಿಸಿ, ಕರುಳಿಗೆ ಹೊಂದಿಕೊಂಡ ದುಗ್ಧಗ್ರಂಥಿಗಳಿಗೆ ಪ್ರಯಾಣ ಮಾಡಿ, ಇನ್ನೂ ಯಾವ ಕೆಲಸಕ್ಕೂ ನಿಯುಕ್ತವಾಗದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ಅವನ್ನು ತೋರಿಸುತ್ತವೆ. ತೋರಿಸುವಾಗ ಜೊತೆಯಲ್ಲಿ ಸೈಟೊಕೈನ್ ಎಂಬ ಸಂದೇಶದ ಅಣುಗಳನ್ನೂ ಸ್ರವಿಸುತ್ತವೆ. ಅವುಗಳಲ್ಲಿ ಇಂಟರ್‌ಲ್ಯೂಕಿನ್-12 ಹೆಚ್ಚಿದ್ದರೆ ಟಿ ಕೋಶ ಸೋಂಕಿತ ಕೋಶಗಳ ವಿರುದ್ಧ ಹೋರಾಡುವ ಬಗೆಯದಾಗುತ್ತದೆ. ಇಂಟರ್‌ಲ್ಯೂಕಿನ್-10 ಮತ್ತು ಟಿಜಿಎಫ್-ಬೀಟಾ ಎಂಬ ಅಣುಗಳ ಪ್ರಭಾವ ಹೆಚ್ಚಿದ್ದರೆ ಅದು ಇತರ ಕೋಶಗಳನ್ನು ತಡೆದು ನಿಲ್ಲಿಸುವ ನಿಯಂತ್ರಕ ಟಿ ಕೋಶವಾಗುತ್ತದೆ. ಪ್ರೋಬಯಾಟಿಕ್ ತಳಿಗಳ ನಡುವಿನ ಭೇದ ಎದ್ದು ಕಾಣುವುದು ಇಲ್ಲಿ. ಒಂದು ತಳಿಯನ್ನು ಎದುರಿಸಿದ ಡೆಂಡ್ರೈಟಿಕ್ ಕೋಶ ಹೋರಾಟದ ಅಣುವನ್ನು ಹೆಚ್ಚಾಗಿ ಸ್ರವಿಸಿದರೆ, ಅದರ ಸೋದರ ತಳಿಯನ್ನು ಎದುರಿಸಿದಾಗ ಅದೇ ಕೋಶ ಸಂಯಮದ ಅಣುವನ್ನು ಸ್ರವಿಸಬಹುದು.

ಮನುಷ್ಯರಲ್ಲಿಯೇ ಇದನ್ನು ನೇರವಾಗಿ ನೋಡಿದ ಒಂದು ಅಧ್ಯಯನ ನೆದರ್ಲ್ಯಾಂಡ್ಸ್‌ನಲ್ಲಿ ನಡೆಯಿತು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರು ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಬೆರೆಸಿದ ಪಾನೀಯವನ್ನು ಕೆಲವು ಗಂಟೆಗಳ ಕಾಲ ಕುಡಿದ ಬಳಿಕ, ಅವರ ಸಣ್ಣ ಕರುಳಿನ ಆರಂಭದ ಭಾಗದಿಂದ ಅಂಗಾಂಶದ ಚೂರುಗಳನ್ನು ತೆಗೆದು, ಅಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂಬುದನ್ನು ಪರೀಕ್ಷಿಸಲಾಯಿತು. ಉರಿಯೂತದ ಏರಿಳಿತವನ್ನು ನಿರ್ಧರಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಜಾಲದ ಜೀನ್‌ಗಳಲ್ಲಿ ಸಹಿಷ್ಣುತೆಗೆ ಸಂಬಂಧಿಸಿದ ಬದಲಾವಣೆಗಳು ಕಂಡವು. ನನ್ನ ಮಟ್ಟಿಗೆ ಇದಕ್ಕಿಂತ ಮಹತ್ವದ್ದು ಎರಡನೆಯ ಸಂಗತಿ: ಒಂದೇ ತಳಿಯ ಬ್ಯಾಕ್ಟೀರಿಯವನ್ನು ಅದು ವೇಗವಾಗಿ ಬೆಳೆಯುತ್ತಿರುವ ಹಂತದಲ್ಲಿ ಕೊಟ್ಟಾಗ, ಬೆಳವಣಿಗೆ ನಿಂತ ಹಂತದಲ್ಲಿ ಕೊಟ್ಟಾಗ, ಕಾಯಿಸಿ ಕೊಂದು ಕೊಟ್ಟಾಗ ಕರುಳಿನ ಪ್ರತಿಕ್ರಿಯೆ ಮೂರು ಬಗೆಯಾಗಿತ್ತು. ಹೆಸರು ಒಂದೇ ಆದರೂ ಸ್ಥಿತಿ ಬದಲಾದಾಗ ಸಂದೇಶವೂ ಬದಲಾಯಿತು. ಮಾರುಕಟ್ಟೆಯ ಒಂದು ಪೊಟ್ಟಣವನ್ನು ಇನ್ನೊಂದಕ್ಕೆ ಬದಲಿಯೆಂದು ಭಾವಿಸುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ನಿಯಂತ್ರಕ ಟಿ ಕೋಶಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ದೇಹದ ಸ್ವಂತ ಅಂಗಾಂಶಗಳ ಮೇಲೆ ದಾಳಿಯಾಗದಂತೆ ತಡೆಯುವ ಈ ಕೋಶಗಳನ್ನು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿಕೊಟ್ಟರು. ಅವರಿಗೂ, ಈ ಕೋಶಗಳಿಗೆ ಅಗತ್ಯವಾದ ಫಾಕ್ಸ್‌ಪಿ3 ಎಂಬ ಜೀನನ್ನು ಕಂಡುಹಿಡಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ವೈದ್ಯಕೀಯ ನೊಬೆಲ್ ದೊರೆಯಿತು. ಈ ಕೋಶಗಳ ಸಂಖ್ಯೆಯ ಮೇಲೆ ಕರುಳಿನ ಬ್ಯಾಕ್ಟೀರಿಯಗಳ ಪ್ರಭಾವವಿದೆ ಎಂಬುದನ್ನು 2013ರಲ್ಲಿ ಮೂರು ಬೇರೆ ಬೇರೆ ತಂಡಗಳು ಇಲಿಗಳಲ್ಲಿ ತೋರಿಸಿದವು. ನಾವು ತಿಂದ ಸೊಪ್ಪು, ಕಾಳು, ಧಾನ್ಯಗಳ ನಾರನ್ನು ನಮ್ಮ ಕಿಣ್ವಗಳು ಅರಗಿಸಲಾರವು. ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ಕರುಳಿನ ಹೊದಿಕೆಯ ಕೋಶಗಳಿಗೆ ಇಂಧನವಾಗುವುದಲ್ಲದೆ, ಟಿ ಕೋಶದ ಕೇಂದ್ರವನ್ನು ಹೊಕ್ಕು, ಸುರುಳಿಯಾಗಿ ಬಿಗಿದುಕೊಂಡ ಡಿಎನ್‌ಎ ಸಡಿಲವಾಗಿಯೇ ಉಳಿಯುವಂತೆ ಮಾಡುತ್ತದೆ; ಫಾಕ್ಸ್‌ಪಿ3 ಜೀನ್ ಕೆಲಸ ಮಾಡಲು ಅದರಿಂದ ಅನುಕೂಲವಾಗುತ್ತದೆ. ಪ್ರೋಬಯಾಟಿಕ್ ಆಗಿ ಬಳಕೆಯಲ್ಲಿರುವ ಲ್ಯಾಕ್ಟೊಬ್ಯಾಸಿಲಸ್ ಮತ್ತು ಬೈಫಿಡೊಬ್ಯಾಕ್ಟೀರಿಯಗಳು ಸಾಮಾನ್ಯವಾಗಿ ಬ್ಯುಟಿರೇಟನ್ನು ತಾವೇ ತಯಾರಿಸುವುದಿಲ್ಲ. ಅವು ಬಿಟ್ಟುಕೊಡುವ ಲ್ಯಾಕ್ಟೇಟ್ ಮತ್ತು ಅಸಿಟೇಟ್‌ಗಳನ್ನು ಬಳಸಿಕೊಂಡು ಅಲ್ಲಿಯ ಮೂಲನಿವಾಸಿ ಬ್ಯಾಕ್ಟೀರಿಯಗಳು ಬ್ಯುಟಿರೇಟ್ ಮಾಡುತ್ತವೆ. ತಟ್ಟೆಯಲ್ಲಿ ನಾರೂ, ಕರುಳಿನಲ್ಲಿ ಆ ನಿವಾಸಿಗಳೂ ಇಲ್ಲದಿದ್ದರೆ ಹೊರಗಿನಿಂದ ಬಂದ ಬ್ಯಾಕ್ಟೀರಿಯ ಈ ದಾರಿಯಲ್ಲಿ ಹೆಚ್ಚೇನೂ ಮಾಡಲಾರದು.

ಬಿ ಕೋಶಗಳ ಮೇಲಿನ ಪ್ರಭಾವ ಇಷ್ಟೇ ಮುಖ್ಯವಾದದ್ದು. ಇವು ಪ್ರತಿಕಾಯಗಳನ್ನು ತಯಾರಿಸುವ ಕೋಶಗಳು. ಕರುಳಿನಲ್ಲಿ ಸ್ರವಿಸುವ ಪ್ರತಿಕಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಎ ಎಂದು ಹೆಸರು. ನಮ್ಮ ದೇಹ ದಿನವೊಂದಕ್ಕೆ ಮೂರರಿಂದ ಐದು ಗ್ರಾಂನಷ್ಟು ಇದನ್ನು ಕರುಳಿಗೆ ಹರಿಸುತ್ತದೆ. ಇದು ಬ್ಯಾಕ್ಟೀರಿಯವನ್ನು ಕೊಲ್ಲುವುದಿಲ್ಲ. ಅದಕ್ಕೆ ಅಂಟಿಕೊಂಡು, ಲೋಳೆಯಲ್ಲಿ ಹಿಡಿದಿಟ್ಟು, ಗೋಡೆಗೆ ತಾಗದಂತೆ ತಡೆಯುತ್ತದೆ, ಉರಿಯೂತವಿಲ್ಲದೆ. ಹಲವು ಪ್ರೋಬಯಾಟಿಕ್ ತಳಿಗಳು ಈ ಪ್ರತಿಕಾಯದ ಉತ್ಪಾದನೆಯನ್ನು ಪ್ರಚೋದಿಸುತ್ತವೆ. ಕರುಳಿನಲ್ಲಿ ತರಬೇತಾದ ಬಿ ಕೋಶಗಳು ಕರುಳಿನಲ್ಲಿಯೇ ಉಳಿಯುವುದೂ ಇಲ್ಲ. ದುಗ್ಧನಾಳದಿಂದ ರಕ್ತಕ್ಕೆ ಸೇರಿ, ಶ್ವಾಸನಾಳದ ಹೊದಿಕೆಗೆ, ಜೊಲ್ಲುಗ್ರಂಥಿಗೆ, ಹಾಲೂಡಿಸುವ ತಾಯಿಯ ಸ್ತನಕ್ಕೆ ಹೋಗಿ ನೆಲೆಸುತ್ತವೆ. ತಾಯಿಯ ಕರುಳು ಕಂಡ ಬ್ಯಾಕ್ಟೀರಿಯಗಳ ವಿರುದ್ಧದ ಪ್ರತಿಕಾಯ ಮಗುವಿಗೆ ಎದೆಹಾಲಿನಲ್ಲಿ ಸಿಗುವುದು ಈ ದಾರಿಯಿಂದಲೇ.

ಕರುಳಿನಿಂದ ಶ್ವಾಸಕೋಶಕ್ಕೆ ಇರುವ ಸಂಬಂಧದ ಒಂದು ಎಳೆ ಇಲ್ಲಿ ಸಿಕ್ಕಿತು. ಇನ್ನೊಂದು ಎಳೆ ಮೂಳೆಮಜ್ಜೆಯಲ್ಲಿದೆ. ಕರುಳಿನ ಬ್ಯಾಕ್ಟೀರಿಯಗಳ ಕೋಶಭಿತ್ತಿಯ ಚೂರುಗಳು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿ ಮೂಳೆಮಜ್ಜೆಯನ್ನು ತಲುಪುತ್ತವೆಯೆಂದೂ, ಅಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಮುಂಚಿತವಾಗಿ ಸಜ್ಜುಗೊಳಿಸುತ್ತವೆಯೆಂದೂ 2010ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ ತೋರಿಸಿತು. ಹೀಗೆ ಸಜ್ಜಾದ ಕಣಗಳು ನ್ಯುಮೋನಿಯಾ ತರುವ ಬ್ಯಾಕ್ಟೀರಿಯವನ್ನು ಹೆಚ್ಚು ಸಮರ್ಥವಾಗಿ ಕೊಲ್ಲುತ್ತಿದ್ದವು. ಒಡಿಶಾದ ಪ್ರಯೋಗ ಎಣಿಸಿದ್ದು ಕಾಯಿಲೆಯನ್ನು ಮತ್ತು ಸಾವನ್ನು. ಅದರ ಫಲಿತಾಂಶಕ್ಕೆ ಇವುಗಳಲ್ಲಿ ಇದೇ ಕಾರಣವೆಂದು ಬೊಟ್ಟು ಮಾಡಿ ಹೇಳುವುದು ನ್ಯಾಯವಲ್ಲ. ಆದರೆ ಆ ಮಕ್ಕಳ ಶ್ವಾಸಕೋಶಕ್ಕೆ ಕರುಳಿನಿಂದ ನೆರವು ಹೋಗಬಲ್ಲ ದಾರಿಗಳಿವೆ ಎಂಬುದರಲ್ಲಿ ಸಂದೇಹವಿಲ್ಲ.

ನೇರವಾಗಿ ಕೊಲ್ಲುವ ಮತ್ತು ನುಂಗುವ ಕೋಶಗಳ ಕಥೆ ಇಲಿಯಾ ಮೆಚ್ನಿಕಾಫ್ ಅವರಿಂದ ಆರಂಭವಾಗುತ್ತದೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ ನೋಡಿದಾಗ, ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿಕೊಂಡವು. ಭಕ್ಷಕ ಕೋಶಗಳ ಅರಿವು ಮೂಡಿದ್ದು ಹಾಗೆ. ಇದಕ್ಕಾಗಿ 1908ರ ನೊಬೆಲನ್ನು ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡ ಇದೇ ವಿಜ್ಞಾನಿ ಬಲ್ಗೇರಿಯದ ಹುಳಿಹಾಲು ದೀರ್ಘಾಯುಷ್ಯಕ್ಕೆ ಒಳ್ಳೆಯದೆಂದು ಪ್ರತಿಪಾದಿಸಿದರು. ಕರುಳಿನಲ್ಲಿ ಕೊಳೆತ ಪದಾರ್ಥಗಳ ವಿಷವು ಭಕ್ಷಕ ಕೋಶಗಳನ್ನು ದಾರಿತಪ್ಪಿಸಿ, ಅವು ದೇಹದ ಸ್ವಂತ ಕೋಶಗಳನ್ನೇ ತಿನ್ನುವುದರಿಂದ ಮುಪ್ಪು ಬರುತ್ತದೆಂದು ಅವರ ನಂಬಿಕೆಯಾಗಿತ್ತು. ಆ ವಿವರಣೆ ಹಾಗೆಯೇ ಉಳಿಯಲಿಲ್ಲ. ಕರುಳಿನ ಬ್ಯಾಕ್ಟೀರಿಯಗಳಿಗೂ ಭಕ್ಷಕ ಕೋಶಗಳ ವರ್ತನೆಗೂ ಸಂಬಂಧವಿದೆಯೆಂಬ ಊಹೆ ಮಾತ್ರ ಉಳಿಯಿತು. ಇಂದು ಗೊತ್ತಿರುವ ಒಂದು ಉದಾಹರಣೆ: ಜಪಾನಿನ ಮಿನೊರು ಶಿರೋಟ 1930ರಲ್ಲಿ ಬೇರ್ಪಡಿಸಿದ ತಳಿಯನ್ನು ನುಂಗಿದ ಭಕ್ಷಕ ಕೋಶಗಳು ಇಂಟರ್‌ಲ್ಯೂಕಿನ್-12ನ್ನು ಸ್ರವಿಸುತ್ತವೆ, ಆ ಅಣು ಸೋಂಕಿತ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳನ್ನು ಚುರುಕುಗೊಳಿಸುತ್ತದೆ.

ಹುಟ್ಟಿದ ಮೊದಲ ವಾರಕ್ಕೆ ಯಾಕಿಷ್ಟು ಮಹತ್ವ? ಎದೆಹಾಲಿನಲ್ಲಿ ಮಗುವಿಗೆ ಅರಗದ ಕೆಲವು ಸಕ್ಕರೆಗಳಿವೆ. ಅವು ಇರುವುದು ಬೈಫಿಡೊಬ್ಯಾಕ್ಟೀರಿಯಗಳಂಥ ಸೂಕ್ಷ್ಮಜೀವಿಗಳ ಪಾಲಿಗೆ. ಸ್ವೀಡನ್ನಿನ ಪೆಟರ್ ಬ್ರೋಡಿನ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಸಕ್ಕರೆಗಳನ್ನು ಬಳಸಬಲ್ಲ ಬೈಫಿಡೊಬ್ಯಾಕ್ಟೀರಿಯಗಳಿಲ್ಲದ ಶಿಶುಗಳಲ್ಲಿ ಮೊದಲ ತಿಂಗಳುಗಳಲ್ಲಿ ಉರಿಯೂತದ ಗುರುತುಗಳು ಹೆಚ್ಚಿದ್ದವು. ಎದೆಹಾಲು ಕುಡಿಯುವ ಮಕ್ಕಳಿಗೆ ಇನ್ಫ್ಯಾಂಟಿಸ್ ಎಂಬ ಬಗೆಯ ಬೈಫಿಡೊಬ್ಯಾಕ್ಟೀರಿಯದ ಒಂದು ತಳಿಯನ್ನು ಕೊಟ್ಟಾಗ ಅಲರ್ಜಿಗೆ ಮತ್ತು ದೇಹದ ಸ್ವಂತ ಅಂಗಾಂಶಗಳ ಮೇಲಿನ ದಾಳಿಗೆ ಸಂಬಂಧಿಸಿದ ಸೈಟೊಕೈನ್‌ಗಳು ತಗ್ಗಿದವು. ಇಂಡೋಲ್ ಲ್ಯಾಕ್ಟಿಕ್ ಆಮ್ಲವೆಂಬ, ಬ್ಯಾಕ್ಟೀರಿಯವೇ ತಯಾರಿಸಿದ ಅಣುವಿಗೆ ಇದರಲ್ಲಿ ಪಾತ್ರವಿತ್ತು. ಕೋಶಗಳು ಇನ್ನೂ ಪಾಠ ಕಲಿಯುತ್ತಿರುವ ಹೊತ್ತಿನಲ್ಲಿ ಕೊಟ್ಟ ಏಳು ದಿನಗಳ ಪುಡಿಗೂ, ನಲವತ್ತರ ವಯಸ್ಸಿನಲ್ಲಿ ಕುಡಿದ ಒಂದು ಬಾಟಲಿಗೂ ಇರುವ ಅಂತರ ಇದು.

ವಯಸ್ಕರಲ್ಲಿ ಕರುಳು ಆಗಲೇ ತುಂಬಿರುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ, ಹನ್ನೊಂದು ತಳಿಗಳ ಪ್ರೋಬಯಾಟಿಕ್ ಮಿಶ್ರಣವನ್ನು ತೆಗೆದುಕೊಂಡವರ ಕರುಳನ್ನು ಎಂಡೋಸ್ಕೋಪಿಯಿಂದ ಪರೀಕ್ಷಿಸಿ, ಕೆಲವರಲ್ಲಿ ಮಾತ್ರ ಆ ಬ್ಯಾಕ್ಟೀರಿಯಗಳು ನೆಲೆಯೂರಿದ್ದನ್ನು ಕಂಡರು. ಆಂಟಿಬಯಾಟಿಕ್ ಬಳಿಕ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಅವರ ಸ್ವಂತ ಬ್ಯಾಕ್ಟೀರಿಯ ಸಮುದಾಯ ಮರಳಿ ಬೆಳೆಯುವುದು ತಡವಾಗಿದ್ದುದೂ ಕಂಡುಬಂತು. ಅದೇ ವರ್ಷ ಅಮೆರಿಕ ಮತ್ತು ಕೆನಡಾಗಳಲ್ಲಿ ವಾಂತಿಭೇದಿಯಿಂದ ತುರ್ತು ಚಿಕಿತ್ಸೆಗೆ ಬಂದ ಚಿಕ್ಕ ಮಕ್ಕಳ ಮೇಲೆ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ, ಪ್ರೋಬಯಾಟಿಕ್ ಪಡೆದ ಮಕ್ಕಳು ಪಡೆಯದವರಿಗಿಂತ ಬೇಗ ಗುಣವಾಗಲಿಲ್ಲ.

ಅಪಾಯದ ಉದಾಹರಣೆಗಳನ್ನು ಮುಚ್ಚಿಡಬಾರದು. ತೀವ್ರವಾದ ಮೇದೋಜೀರಕ ಗ್ರಂಥಿಯ ಉರಿಯೂತದ ರೋಗಿಗಳಿಗೆ ನೆದರ್ಲ್ಯಾಂಡ್ಸ್‌ನಲ್ಲಿ ಪ್ರೋಬಯಾಟಿಕ್ ಮಿಶ್ರಣ ಕೊಟ್ಟಾಗ ಸತ್ತವರ ಪ್ರಮಾಣ ಶೇ. 16 ಆಗಿತ್ತು; ಕೊಡದ ಗುಂಪಿನಲ್ಲಿ ಅದು ಶೇ. 6. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿರುವ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಇವನ್ನು ಕೊಡುವ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ಎಚ್ಚರಿಕೆ ನೀಡಿತು. ಅಂಥ ಒಂದು ಮಗುವಿಗೆ ಕೊಟ್ಟ ಬ್ಯಾಕ್ಟೀರಿಯವೇ ರಕ್ತಕ್ಕೆ ಹರಡಿತ್ತು. ಒಡಿಶಾದ ಪ್ರಯೋಗದಲ್ಲಿ ತೂಕವನ್ನೂ ಆರೋಗ್ಯವನ್ನೂ ನೋಡಿ ಮಕ್ಕಳನ್ನು ಆರಿಸಿದ್ದರ ಮಹತ್ವ ಇಲ್ಲಿ ತಿಳಿಯುತ್ತದೆ. ಕರುಳಿನ ಗೋಡೆ ಬಿರುಕುಬಿಟ್ಟವರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿ ರಕ್ತಕಣಗಳು ಕುಸಿದವರಲ್ಲಿ, ಅಂಗ ಕಸಿ ಮಾಡಿಸಿಕೊಂಡವರಲ್ಲಿ ಗೋಡೆಯಾಚೆಯ ಒಳ್ಳೆಯ ಬ್ಯಾಕ್ಟೀರಿಯ ಈಚೆಗೆ ಬಂದರೆ ಶತ್ರುವೇ ಆಗುತ್ತದೆ. ಅಂಥವರು ವೈದ್ಯರನ್ನು ಕೇಳದೆ ಇವುಗಳನ್ನು ತೆಗೆದುಕೊಳ್ಳಬಾರದು.

ನಮ್ಮ ಮನೆಯ ಮೊಸರಿನ ಪ್ರಶ್ನೆಯನ್ನು ಓದುಗರು ಕೇಳಿಯೇ ಕೇಳುತ್ತಾರೆ. ನಿನ್ನೆಯ ಮೊಸರಿನಿಂದ ಹೆಪ್ಪು ಹಾಕಿದ ಹಾಲಿನಲ್ಲಿ ಜೀವಂತ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಹೇರಳವಾಗಿವೆ. ಆದರೆ ಯಾವ ತಳಿ, ಎಷ್ಟು, ಅದರಿಂದ ಯಾವ ಪ್ರಯೋಜನ ಎಂಬುದು ಮನೆಯಿಂದ ಮನೆಗೆ, ಋತುವಿನಿಂದ ಋತುವಿಗೆ ಬದಲಾಗುವುದರಿಂದ ವ್ಯಾಖ್ಯೆಯ ಪ್ರಕಾರ ಅದನ್ನು ಪ್ರೋಬಯಾಟಿಕ್ ಎನ್ನಲು ಬರುವುದಿಲ್ಲ. ಹುದುಗಿಸಿದ ಆಹಾರ ಎನ್ನಬೇಕು. ಇಡ್ಲಿ, ದೋಸೆಯ ಹಿಟ್ಟು ಹುದುಗುವುದೂ ಬ್ಯಾಕ್ಟೀರಿಯಗಳಿಂದಲೇ, ಆದರೆ ಬೇಯಿಸಿದಾಗ ಅವು ಸಾಯುತ್ತವೆ. ಬಿಸಿ ಸಾರಿಗೆ ಕಲಸಿದ ಮೊಸರಿಗಿಂತ ಊಟದ ಕೊನೆಯಲ್ಲಿ ತಣ್ಣಗಿನ ಅನ್ನಕ್ಕೆ ಹಾಕಿಕೊಂಡ ಮಜ್ಜಿಗೆಯಲ್ಲಿ ಜೀವಂತ ಬ್ಯಾಕ್ಟೀರಿಯ ಹೆಚ್ಚು ಉಳಿದಿರುತ್ತದೆ. ಇಂಥ ಆಹಾರವನ್ನು ಹಗುರವಾಗಿ ಕಾಣಬೇಕಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ವಯಸ್ಕರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಸರು, ಕೆಫಿರ್ ಎಂಬ ಹುದುಗಿಸಿದ ಹಾಲು, ಹುದುಗಿಸಿದ ತರಕಾರಿಗಳಂಥ ಆಹಾರವನ್ನು ವಾರಗಟ್ಟಲೆ ಹೆಚ್ಚಿಸಿಕೊಂಡವರ ಕರುಳಿನಲ್ಲಿ ಬ್ಯಾಕ್ಟೀರಿಯಗಳ ವೈವಿಧ್ಯ ಏರಿತು, ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನ್‌ಗಳ ಮಟ್ಟ ಇಳಿಯಿತು. ಔಷಧದ ಅಂಗಡಿಯಲ್ಲಿ ಪ್ರೋಬಯಾಟಿಕ್ ಕೊಳ್ಳುವವರು ಮಾತ್ರ ಲೇಬಲ್ಲಿನಲ್ಲಿ ಕುಲ ಮತ್ತು ಪ್ರಭೇದಗಳ ಹೆಸರಿನ ಮುಂದೆ ತಳಿಯ ಗುರುತಿನ ಅಕ್ಷರ ಅಥವಾ ಸಂಖ್ಯೆ ಇದೆಯೇ, ಅವಧಿ ಮುಗಿಯುವ ದಿನದವರೆಗೆ ಎಷ್ಟು ಜೀವಂತ ಬ್ಯಾಕ್ಟೀರಿಯ ಉಳಿದಿರುತ್ತದೆಂದು ಬರೆದಿದೆಯೇ, ಆ ತಳಿಯನ್ನು ತಮಗಿರುವ ತೊಂದರೆಗೇ ಮನುಷ್ಯರಲ್ಲಿ ಪರೀಕ್ಷಿಸಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಹುಡುಕಲು ಸುಲಭವಾಗಲೆಂದು ಒಂದು ಮಾತು: 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು ಹಲವು ಕುಲಗಳಾಗಿ ಒಡೆದಿರುವುದರಿಂದ, ಒಡಿಶಾದ ಮಕ್ಕಳಿಗೆ ಕೊಟ್ಟ ಬ್ಯಾಕ್ಟೀರಿಯದ ಹೆಸರು ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್, ಅದರ ತಳಿಯ ಗುರುತು ಎಟಿಸಿಸಿ 202195.